ಎಸ್ಸೆಸ್ಸೆಲ್ಸಿ ವೇಳಾಪಟ್ಟಿ ಓದುವುದು ಹೀಗೆ

ಪರೀಕ್ಷೆಗೆ ಓದುವುದನ್ನು ಎಲ್ಲರೂ ಹೇಳಿಕೊಡುತ್ತಾರೆ, ವೇಳಾಪಟ್ಟಿ ಓದುವುದನ್ನು ಯಾರೂ ಹೇಳಿಕೊಡುವುದಿಲ್ಲ.

ಮೊದಲು, ಕೈಯಲ್ಲಿರುವ ಪಟ್ಟಿ ಅಸಲಿಯೇ ನೋಡಿ. ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಮೊದಲು ತಾತ್ಕಾಲಿಕ ವೇಳಾಪಟ್ಟಿ ಬಿಡುತ್ತದೆ, ಆಕ್ಷೇಪಣೆ ಕೇಳುತ್ತದೆ, ಆಮೇಲೆ ಅಂತಿಮ ಪಟ್ಟಿ. ಈ ನಡುವೆ ದಿನಾಂಕ ಬದಲಾಗಬಹುದು. ನಮ್ಮ ಮನೆಗೆ ವಾಟ್ಸ್ಆ್ಯಪ್‌ನಲ್ಲಿ ಬಂದ ಪಟ್ಟಿಯಲ್ಲಿ ವರ್ಷವಿದ್ದ ತಲೆಬರಹವೇ ಕತ್ತರಿಸಿಹೋಗಿತ್ತು. ಗೋಡೆಯ ಕ್ಯಾಲೆಂಡರ್ ಪಕ್ಕ ಹಿಡಿದರೆ ತಾರೀಕಿಗೂ ವಾರಕ್ಕೂ ತಾಳೆಯೇ ಇಲ್ಲ, ಹಿಂದಿನ ವರ್ಷದ್ದು! ನೀವೂ ಹಾಗೇ ಹಿಡಿದು ನೋಡಿ, ಅರ್ಧ ನಿಮಿಷದ ಕೆಲಸ.

ಎರಡನೆಯದಾಗಿ, ನಿಮ್ಮ ವಿಷಯಗಳಿಗಷ್ಟೇ ಗೆರೆ ಎಳೆಯಿರಿ. ಪ್ರಥಮ ಭಾಷೆಯ ದಿನ ಕನ್ನಡ, ಉರ್ದು, ತೆಲುಗು, ತಮಿಳು, ಮರಾಠಿ, ಸಂಸ್ಕೃತ ಎಂದು ಉದ್ದ ಸಾಲೇ ಇರುತ್ತದೆ. ಪ್ರವೇಶ ಪತ್ರದಲ್ಲಿ ಇರುವ ಆರು ವಿಷಯಗಳು ಮಾತ್ರ ನಿಮ್ಮವು.

ಇನ್ನು ಮುಖ್ಯವಾದದ್ದು, ನಡುವಿನ ಖಾಲಿ ದಿನಗಳನ್ನು ಎಣಿಸುವುದು. 2025ರ ಪರೀಕ್ಷೆ-1, ಅಂದರೆ ಆ ವರ್ಷದ ಮೊದಲ ಪರೀಕ್ಷೆ ನೋಡಿ. ದ್ವಿತೀಯ ಪಿಯು ಪರೀಕ್ಷೆ ಮಾರ್ಚ್ 20ಕ್ಕೆ ಮುಗಿದರೆ ಮರುದಿನವೇ ಎಸ್ಸೆಸ್ಸೆಲ್ಸಿ ಶುರು. ಮಾರ್ಚ್ 21 ಪ್ರಥಮ ಭಾಷೆ, 24 ಗಣಿತ, 26 ದ್ವಿತೀಯ ಭಾಷೆ, 29 ಸಮಾಜ ವಿಜ್ಞಾನ, ಏಪ್ರಿಲ್ 2 ವಿಜ್ಞಾನ, 4 ತೃತೀಯ ಭಾಷೆ. ವಿಜ್ಞಾನಕ್ಕೆ ಮೂರು ದಿನ ಬಿಡುವು ಎಂದು ಖುಷಿಪಟ್ಟವರೇ ಹೆಚ್ಚು. ಆದರೆ 30ಕ್ಕೆ ಯುಗಾದಿ, 31ಕ್ಕೆ ರಂಜಾನ್. ಒಬ್ಬಟ್ಟಿನ ಮನೆಯಲ್ಲಿ, ನೆಂಟರ ಸದ್ದಿನ ನಡುವೆ ಬೆಳಕಿನ ವಕ್ರೀಭವನ ಎಷ್ಟು ತಲೆಗೆ ಹೋದೀತು? ನಿಮ್ಮ ಮನೆಯ ಹಬ್ಬದ ಒಂದು ದಿನ ಕಳೆದು, ಅದನ್ನು ಎರಡೇ ದಿನ ಎಂದು ಬರೆದುಕೊಳ್ಳುವುದು ಕ್ಷೇಮ. ಖಾಲಿ ದಿನ ಇರುವುದು ಮರು ಓದಿಗೆ. ಹೊಸ ಪಾಠ ಶುರುಮಾಡಲು ಅಲ್ಲ.

ಸಮಯದ ಕಾಲಂ ಬಿಡಬೇಡಿ. ಪ್ರಥಮ ಭಾಷೆ ಬೆಳಿಗ್ಗೆ 10ರಿಂದ 1.15. ಇದರಲ್ಲಿ ಮೊದಲ 15 ನಿಮಿಷ ಪ್ರಶ್ನೆಪತ್ರಿಕೆ ಓದಲು, ಬರೆಯಲು ಮೂರು ಗಂಟೆ. ಈ ಪತ್ರಿಕೆಗೆ 100 ಅಂಕ, ಉಳಿದ ಐದಕ್ಕೆ ತಲಾ 80. ಆಂತರಿಕ ಅಂಕ ಸೇರಿದರೆ ಒಟ್ಟು 625.

ಕೊನೆಗೆ ಪರೀಕ್ಷೆ-2, ಪರೀಕ್ಷೆ-3ರ ವಿಚಾರ. 2024 ಮತ್ತು 2025ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ನಡೆದವು, ಹೆಚ್ಚು ಬಂದ ಅಂಕ ಉಳಿಯುತ್ತಿತ್ತು. ‘ಎರಡನೇದ್ರಲ್ಲಿ ನೋಡ್ಕೊಂಡ್ರಾಯ್ತು’ ಎನ್ನುವ ಮಕ್ಕಳಿಗೆ ಆ ಪಟ್ಟಿಯನ್ನೂ ಎಣಿಸಲು ಹೇಳಿ. 2025ರಲ್ಲಿ ಫಲಿತಾಂಶ ಬಂದದ್ದು ಮೇ 2ಕ್ಕೆ, ಪರೀಕ್ಷೆ-2 ಶುರುವಾದದ್ದು ಮೇ 26ಕ್ಕೆ. ಮಾರ್ಚ್‌ನಲ್ಲಿ ಹದಿನೈದು ದಿನಕ್ಕೆ ಹರಡಿದ್ದ ಅವೇ ಪತ್ರಿಕೆಗಳು ಇಲ್ಲಿ ಜೂನ್ 2ರೊಳಗೆ, ಎಂಟೇ ದಿನದಲ್ಲಿ ಮುಗಿದವು. ಅದರಲ್ಲಿ ಒಂದು ಭಾನುವಾರ.