ವೃದ್ಧಾಶ್ರಮದ ವರದಿ: ಮಂಚದ ಪಕ್ಕದಿಂದ ಶುರು ಮಾಡಿ

ಹುಬ್ಬಳ್ಳಿಯ ಒಂದು ವೃದ್ಧಾಶ್ರಮದಲ್ಲಿ ಕೆಲವು ವರ್ಷ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೆ. ಒಂದು ಸಲ ತಪಾಸಣೆಗೆ ಬಂದ ಅಧಿಕಾರಿ ಹಾಜರಿ ಪುಸ್ತಕ ತೆರೆದರು. ಒಂದು ಹೆಸರಿನ ಮೇಲೆ ಬೆರಳಿಟ್ಟು, "ಈ ಅಜ್ಜೀನ್ನ ಸ್ವಲ್ಪ ಕರೀರಿ, ಮಾತಾಡ್ಸತೀನಿ" ಎಂದರು. ಯಾರೂ ಎದ್ದು ಹೋಗಲಿಲ್ಲ. ಆ ಅಜ್ಜಿ ತೀರಿಕೊಂಡು ಆರು ದಿನ ಆಗಿತ್ತು. ಪುಸ್ತಕದಲ್ಲಿ ಮಾತ್ರ ಆರೂ ದಿನ ಹಾಜರಿ ಬಿದ್ದಿತ್ತು.

ಮೋಸ ಮಾಡಬೇಕು ಎಂದು ಯಾರೂ ಮಾಡಿರಲಿಲ್ಲ. ವಾರಕ್ಕೊಮ್ಮೆ ಕೂತು ಮೇಲಿಂದ ಕೆಳಗೆ ಟಿಕ್ ಹಾಕುತ್ತ ಹೋಗುವ ರೂಢಿ ಇತ್ತು. ಹಾಕಿದವನು ನಾನೇ. ಅದೇ ಅಜ್ಜಿ ದಿನಾ ಸಂಜೆ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, "ಚಾ ಆತೇನೋ ತಮ್ಮಾ?" ಎಂದು ನನ್ನನ್ನು ಕೇಳುತ್ತಿದ್ದರು. ಅವತ್ತಿನ ನಾಚಿಕೆ ಇನ್ನೂ ನನ್ನಿಂದ ಹೋಗಿಲ್ಲ.

ಧಾರವಾಡ, ಗದಗ, ಹಾವೇರಿ ಕಡೆ ಸಣ್ಣ ವೃದ್ಧಾಶ್ರಮ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಒಂದು ಟ್ರಸ್ಟ್ ಅಥವಾ ಸಂಘ, ಇಪ್ಪತ್ತೈದು ಮೂವತ್ತು ಹಿರಿಯರು, ಮೂರ್ನಾಲ್ಕು ಆಯಾಗಳು, ಒಬ್ಬರು ಅಡುಗೆಯವರು. ವರದಿ ಬರೆಯಲಿಕ್ಕೆ ಬೇರೆ ಮನುಷ್ಯ ಇರುವುದಿಲ್ಲ. ಮಾರ್ಚ್ ಬಂತೆಂದರೆ ಎಲ್ಲರಿಗೂ ಜ್ವರ ಬಂದಂತೆ. ಆದರೆ ಮಂಚದ ಪಕ್ಕದಲ್ಲಿ ಅವತ್ತಿಂದು ಅವತ್ತೇ ಬರೆದಿಟ್ಟರೆ, ಕಚೇರಿಗೆ ಕೊಡುವ ವರದಿ ಬರೀ ನಕಲು ಮಾಡುವ ಕೆಲಸ.

ಮೊದಲು: ಯಾರಿಗೆ ಏನು ಕೊಡಬೇಕು?

ಒಂದು ದೊಡ್ಡ ಹಾಳೆ ತಗೊಳ್ಳಿ. ನಿಮ್ಮ ವೃದ್ಧಾಶ್ರಮಕ್ಕೆ ಸಂಬಂಧಪಟ್ಟ ಕಚೇರಿಗಳ ಹೆಸರನ್ನು ಒಂದರ ಕೆಳಗೆ ಒಂದು ಬರೆಯಿರಿ. ಪಕ್ಕದಲ್ಲಿ ಏನು ಕೊಡಬೇಕು, ಯಾವಾಗ ಕೊಡಬೇಕು ಎಂದು ಬರೆದು ಗೋಡೆಗೆ ಅಂಟಿಸಿ.

ಮೊದಲ ಹೆಸರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯದು. ಅನುದಾನ, ತಪಾಸಣೆ, ತಿಂಗಳ ವರದಿ ಜಾಸ್ತಿ ಇವರ ಮೂಲಕವೇ ಓಡಾಡುತ್ತವೆ. ನಿಮ್ಮದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತ ಸಂಘವಾಗಿದ್ದರೆ, ವಾರ್ಷಿಕ ಸಭೆ ಮುಗಿದು 14 ದಿನದೊಳಗೆ ಆಡಳಿತ ಮಂಡಳಿಯ ಪಟ್ಟಿ ಮತ್ತು ಲೆಕ್ಕಪತ್ರ ಸಂಘಗಳ ನೋಂದಣಾಧಿಕಾರಿಗೆ ಹೋಗಬೇಕು. ವಿದೇಶದ ದೇಣಿಗೆ ತಗೊಳ್ಳಲು ಅನುಮತಿ ಪಡೆದಿದ್ದರೆ, ಆ ವರ್ಷ ಒಂದು ರೂಪಾಯಿ ಬರದಿದ್ದರೂ ಆ ದೇಣಿಗೆಯ ವಾರ್ಷಿಕ ಲೆಕ್ಕವಾದ ಎಫ್‌ಸಿ-4 ನಮೂನೆಯನ್ನು ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಆದಾಯ ತೆರಿಗೆ ವಿಷಯ ನಿಮ್ಮ ಆಡಿಟರ್ ಹತ್ತಿರ ಬಿಡಿ. ಆದರೆ ದೇಣಿಗೆ ಕೊಟ್ಟವರ ಹೆಸರು, ಪ್ಯಾನ್ ನಂಬರ್ ರಸೀದಿ ಹರಿಯುವ ಹೊತ್ತಿಗೇ ಬರೆದುಕೊಳ್ಳಿ. ವರ್ಷದ ಕೊನೆಗೆ ದಾನಿಗಳಿಗೆ ಒಬ್ಬೊಬ್ಬರಿಗೆ ಫೋನ್ ಮಾಡುತ್ತ ಕೂಡುವುದು ಬಹಳ ಕಷ್ಟ.

2007ರ ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಒಂದು ಪ್ರತಿ ಆಫೀಸಿನಲ್ಲಿ ಇರಲಿ. ಪ್ರತಿ ಜಿಲ್ಲೆಗೆ ಕನಿಷ್ಠ ಒಂದು, 150 ನಿರ್ಗತಿಕ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮದ ಮಾತು ಬರುವುದು ಅದರಲ್ಲೇ. ಆರೈಕೆ ಮನೆಗಳ ನೋಂದಣಿಯನ್ನೂ ಸೇರಿಸಬೇಕೆಂದು 2019ರಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಗಿತ್ತು, ಅದು ಆಗ ಕಾಯ್ದೆ ಆಗಲಿಲ್ಲ. ಹಾಗಂತ ಕೇಳುವವರು ಯಾರೂ ಇಲ್ಲ ಎಂದು ಸುಮ್ನೆ ಕೂರುವಂತಿಲ್ಲ. ಕೇಳುವವರು ಬೇರೆ ಬೇರೆ ಬಾಗಿಲಿಂದ ಬರುತ್ತಾರೆ, ಅಷ್ಟೇ.

ಎರಡನೆಯದು: ಐದು ಪುಸ್ತಕಗಳು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ.

ಸೇರ್ಪಡೆ ಪುಸ್ತಕದಲ್ಲಿ ಹಿರಿಯರ ಹೆಸರು, ವಯಸ್ಸು, ಬಂದ ದಿನ, ಕರೆತಂದವರು ಯಾರು, ಯಾರಿಗೆ ಫೋನ್ ಮಾಡಬೇಕು, ಏನೇನು ಕಾಯಿಲೆ, ಯಾವ ಗುಳಿಗೆ ಎಂದು ಇರಬೇಕು. 2007ರ ಕಾಯ್ದೆಯ ಪ್ರಕಾರ 60 ತುಂಬಿದವರು ಹಿರಿಯ ನಾಗರಿಕರು. ವಯಸ್ಸಿಗೆ ಏನಾದರೂ ಒಂದು ಪುರಾವೆ ಇರಲಿ. ಬರುವಾಗ ಅವರ ಮೈಮೇಲೆ ಇದ್ದ ಬಂಗಾರ, ಕೈಯಲ್ಲಿದ್ದ ದುಡ್ಡು, ಪಾಸ್‌ಬುಕ್ ಎಲ್ಲ ಅವರೆದುರೇ ಬರೆದು, ಸಹಿ ಅಥವಾ ಹೆಬ್ಬೆಟ್ಟು ತಗೊಳ್ಳಿ. ಒಂದು ಜೋಡಿ ಬೆಂಡೋಲೆಯಿಂದ ಎಷ್ಟು ಜಗಳ ಆಗುತ್ತವೆ ಎಂಬುದು ಕಂಡವರಿಗೇ ಗೊತ್ತು.

ಹಾಜರಿ ಪುಸ್ತಕಕ್ಕೆ ನಾನು ಆಮೇಲೆ ಒಂದು ನಿಯಮ ಮಾಡಿಕೊಂಡೆ. ಬೆಳಗಿನ ಚಹಾ ಕೊಡುವವರೇ ಹಾಜರಿ ಹಾಕಬೇಕು. ಚಹಾದ ಕಪ್ ಕೈಗೆ ಕೊಟ್ಟ ಮೇಲೆ ಟಿಕ್. ಮುಖ ನೋಡದೆ ಹಾಜರಿ ಇಲ್ಲ. ಆಸ್ಪತ್ರೆಗೆ ಹೋದವರಿಗೆ 'ಆ', ಊರಿಗೆ ಹೋದವರಿಗೆ 'ಊ'. ಅನುದಾನ ಲೆಕ್ಕವಾಗುವುದು ತಲೆ ಎಣಿಸಿ, ಆದ್ದರಿಂದ ಖಾಲಿ ಮಂಚಕ್ಕೆ ಟಿಕ್ ಬಿದ್ದರೆ ಅದು ಬರೀ ತಪ್ಪಾಗಿ ಉಳಿಯುವುದಿಲ್ಲ.

ಔಷಧ ಪುಸ್ತಕದಲ್ಲಿ ಗುಳಿಗೆಯ ಹೆಸರು, ಎಷ್ಟು, ಎಷ್ಟೊತ್ತಿಗೆ, ಕೊಟ್ಟವರ ಸಹಿ. ಬೇಡ ಎಂದು ಉಗುಳಿದರೆ 'ತಗೊಳ್ಳಲಿಲ್ಲ' ಎಂದು ಹಾಗೇ ಬರೆಯಬೇಕು. ಮೂರು ದಿನ ಬಿಪಿ ಗುಳಿಗೆ ತಗೊಂಡಿಲ್ಲ ಎಂಬುದು ಡಾಕ್ಟರಿಗೆ ಗೊತ್ತಾಗುವುದು ಈ ಸಾಲಿನಿಂದಲೇ.

ನಾಲ್ಕನೆಯದು ಆರೈಕೆ ಪುಸ್ತಕ. ಹಾಸಿಗೆ ಹಿಡಿದವರಿಗೆ ಎರಡೆರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಎಂದು ನರ್ಸುಗಳು ಹೇಳಿಕೊಡುತ್ತಾರೆ. ಹಾಗೆ ಬದಲಿಸಿದ ಹೊತ್ತು ಬರೆಯಿರಿ: 10 ಗಂಟೆ ಎಡಕ್ಕೆ, 12 ಗಂಟೆ ಬಲಕ್ಕೆ. ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ, ಬೆರಳಿಂದ ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ಅರ್ಥ. ಅದನ್ನು ಅವತ್ತೇ ಬರೆದು ಡಾಕ್ಟರಿಗೆ ತಿಳಿಸಬೇಕು. ಹಾಗೇ ತಿಂಗಳಿಗೊಮ್ಮೆ ಎಲ್ಲರನ್ನೂ ತೂಕ ಮಾಡಿ. 48 ಕೆಜಿ ಇದ್ದ ಅಜ್ಜಿ ಒಂದೇ ತಿಂಗಳಲ್ಲಿ 45.5ಕ್ಕೆ ಇಳಿದರೆ, ಅದು ಶೇ 5ಕ್ಕಿಂತ ಜಾಸ್ತಿ. ಇದಕ್ಕೆ ಕಾರಣ ಹುಡುಕಲೇಬೇಕು. ಎಷ್ಟೋ ಸಲ ಕಾರಣ ಸಣ್ಣದೇ ಇರುತ್ತದೆ. ನಮ್ಮಲ್ಲಿ ಒಬ್ಬರು ಕಾಕಾ ಸೊರಗುತ್ತಿದ್ದರು. ನೋಡಿದರೆ ಹಲ್ಲಿನ ಸೆಟ್ ಸಡಿಲಾಗಿತ್ತು. ಕಟಕಟ ಜೋಳದ ರೊಟ್ಟಿ ಬಿಟ್ಟು ಮೆತ್ತನ್ನ ರೊಟ್ಟಿ ಹಾಲಲ್ಲಿ ನೆನೆಸಿ ಕೊಡಲು ಶುರು ಮಾಡಿದ ಮೇಲೆ ತೂಕ ಮತ್ತೆ ಏರಿತು. ತೂಕದ ಪುಟ ಇಲ್ಲದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಐದನೆಯದು ಹಣದ ಪುಸ್ತಕ. ಹಿರಿಯರ ಪಿಂಚಣಿ, ಮಕ್ಕಳು ಕಳಿಸಿದ ದುಡ್ಡು, ಅದರಿಂದ ಮಾಡಿದ ಖರ್ಚು. ಇದನ್ನು ಸಂಸ್ಥೆಯ ಲೆಕ್ಕದ ಜೊತೆ ಎಂದೂ ಕಲಸಬೇಡಿ. ಸರ್ಕಾರಿ ಪಿಂಚಣಿ ಇರುವವರ ಜೀವಿತ ಪ್ರಮಾಣಪತ್ರ ನವೆಂಬರ್‌ನಲ್ಲಿ ಹೋಗಬೇಕು ಎಂಬುದನ್ನೂ ಇದರ ಮೊದಲ ಪುಟದಲ್ಲೇ ಬರೆದಿಡಿ.

ಆಯಾಗಳಿಗೆ ಬರೆಯಲು ಬರುವುದಿಲ್ಲ ಎಂದು ಹಲವರು ಹೇಳುತ್ತಾರೆ. ನಾವು ಗಡಿಯಾರದ ಚಿತ್ರ, ಎಡ-ಬಲದ ಬಾಣ ಇರುವ ಹಾಳೆ ಝೆರಾಕ್ಸ್ ಮಾಡಿಸಿ ಮಂಚಕ್ಕೆ ಕಟ್ಟಿದೆವು. ಪೆನ್ಸಿಲ್‌ಗೆ ದಾರ ಕಟ್ಟಿ ಅಲ್ಲೇ ತೂಗುಬಿಟ್ಟೆವು. ಒಂದು ವಾರದಲ್ಲಿ ರೂಢಿಯಾಯಿತು.

ಮೂರನೆಯದು: ಕಾಯಲಾಗದ ಸುದ್ದಿಗಳು

ಬೀಳುವುದು, ಕಾಣೆಯಾಗುವುದು, ಸಾವು. ಈ ಮೂರೂ ಸುದ್ದಿಗಳು ತಿಂಗಳ ವರದಿಗೆ ಕಾಯುವಂಥವಲ್ಲ.

ಒಂದು ರಾತ್ರಿ ಮೂರು ಗಂಟೆಗೆ ಒಬ್ಬ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದರು. ರಾತ್ರಿ ಪಾಳಿಯ ಅಕ್ಕ ಕೈಗೆ ಸಿಕ್ಕ ಕ್ಯಾಲೆಂಡರ್ ಹಾಳೆಯ ಹಿಂದೆ ಇಷ್ಟು ಬರೆದಿಟ್ಟಿದ್ದರು: "3-10ಕ್ಕ ಬಿದ್ದ ಸಪ್ಪಳ ಆತು. ಬಲಗಡೆ ತೊಡಿ ನೋವು ಅಂತಾರ. ಎಬ್ಬಿಸಿಲ್ಲ. 3-20ಕ್ಕ ಸರ್‌ಗೆ ಫೋನ್. 3-50ಕ್ಕ ಅಂಬುಲೆನ್ಸ್ ಬಂತು." ತೊಡೆಯ ಮೂಳೆ ಮುರಿದಿತ್ತು. ಬೆಂಗಳೂರಿಂದ ಬಂದ ಮಗ ಸಿಟ್ಟಿನಲ್ಲಿದ್ದರು, ಸಹಜ ಅಲ್ವಾ? ಆ ಹಾಳೆ ಓದಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಅಕ್ಕನನ್ನು ಕರೆದು ಮಾತಾಡಿಸಿ ಹೋದರು. ಘಟನೆ ಬರೆಯುವುದು ಹೀಗೆಯೇ: ಹೊತ್ತು, ಜಾಗ, ಕಂಡದ್ದು, ಮಾಡಿದ್ದು, ಯಾರಿಗೆ ಹೇಳಿದ್ದು. 'ಅಜಾಗರೂಕತೆಯಿಂದ ಬಿದ್ದರು' ಎಂದು ಬರೆಯಬೇಡಿ. ಅದು ನಿಮ್ಮ ಊಹೆ. ನೆಲ ಒದ್ದೆ ಇತ್ತೇ, ದೀಪ ಇತ್ತೇ, ಅದನ್ನು ಬರೆಯಿರಿ.

ಯಾರಾದರೂ ಕಾಣೆಯಾದರೆ 24 ಗಂಟೆ ಕಾಯಬೇಕು ಎಂಬ ಮಾತು ಜನರಲ್ಲಿದೆ. ಅಂಥ ನಿಯಮ ಇಲ್ಲ. ಸುತ್ತ ಹುಡುಕುತ್ತಲೇ ಠಾಣೆಗೆ ತಿಳಿಸಿ. ಪ್ರತಿಯೊಬ್ಬರದೂ ಇತ್ತೀಚಿನ ಫೋಟೊ ಸೇರ್ಪಡೆ ಪುಸ್ತಕದಲ್ಲಿ ಅಂಟಿಸಿರಬೇಕು. 20 ವರ್ಷದ ಹಿಂದಿನ ಫೋಟೊ ತೋರಿಸಿದರೆ ಪೊಲೀಸರಿಗೆ ಗುರುತು ಸಿಗುವುದಿಲ್ಲ.

ಸಾವಾದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ 21 ದಿನದೊಳಗೆ ನೋಂದಣಾಧಿಕಾರಿಗೆ ತಿಳಿಸಬೇಕು. ಆಸ್ಪತ್ರೆಯಲ್ಲಿ ತೀರಿಕೊಂಡರೆ ಆಸ್ಪತ್ರೆಯವರೇ ತಿಳಿಸುತ್ತಾರೆ. ವೃದ್ಧಾಶ್ರಮದಲ್ಲೇ ತೀರಿಕೊಂಡರೆ ಉಸ್ತುವಾರಿ ಹೊತ್ತ ನೀವೇ ತಿಳಿಸಬೇಕು. ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಪತ್ರ ತಗೊಳ್ಳಿ. ಆಸ್ಪತ್ರೆಯ ಹೊರಗಿನ ಸಾವಿಗೆ ಅದು 4ಎ ನಮೂನೆ. ಹುಬ್ಬಳ್ಳಿ-ಧಾರವಾಡ ಅವಳಿ ನಗರದಲ್ಲಿ ಮಹಾನಗರ ಪಾಲಿಕೆಗೆ, ಹಳ್ಳಿಯಾದರೆ ಅಲ್ಲಿನ ನೋಂದಣಾಧಿಕಾರಿಗೆ ಹೋಗಬೇಕು. 21 ದಿನ ದಾಟಿ 30 ದಿನದೊಳಗಾದರೆ ತಡದ ಶುಲ್ಕದಲ್ಲಿ ಮುಗಿಯುತ್ತದೆ. ಆಮೇಲೆ ಅನುಮತಿ, ದಾಖಲೆ ಎಂದು ಅಲೆದಾಟ. ಬಿದ್ದು ಪೆಟ್ಟಾಗಿ ಅಥವಾ ಅನುಮಾನ ಬರುವಂತೆ ಸಾವಾಗಿದ್ದರೆ ಮೊದಲು ಪೊಲೀಸರಿಗೆ ಹೇಳಿ. ಅಂತ್ಯಕ್ರಿಯೆ ಆಮೇಲೆ. ಸಂಬಂಧಿಕರು ಬೇಗ ಮುಗಿಸೋಣ ಎಂದು ಒತ್ತಾಯ ಮಾಡಿದರೂ ಒಪ್ಪಬೇಡಿ.

ಮಕ್ಕಳು ತಂದೆ-ತಾಯಿಯನ್ನು ಗೇಟಿನ ಹತ್ತಿರ ಬಿಟ್ಟು ಹೋಗುವುದೂ ನಡೆಯುತ್ತದೆ. 2007ರ ಕಾಯ್ದೆಯಲ್ಲಿ ಇದಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ. ಠಾಣೆಗೆ ಬರೆದು ಕೊಡಿ. ಹಿರಿಯರಿಗೆ ಜೀವನಾಂಶ ಬೇಕಾದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅವರಿಗೆ ಓಡಾಡಲು ಆಗದಿದ್ದರೆ, ಅವರು ಅಧಿಕಾರ ಕೊಟ್ಟ ಸಂಸ್ಥೆಯೂ ಹಾಕಬಹುದು. ಸಲಹೆ ಬೇಕಾದರೆ 14567 ಸಹಾಯವಾಣಿ ಇದೆ.

ನಾಲ್ಕನೆಯದು: ಅನುದಾನದ ಲೆಕ್ಕ

ಹಿರಿಯ ನಾಗರಿಕರಿಗಾಗಿ ಇರುವ ಕೇಂದ್ರದ ಅಟಲ್ ವಯೋ ಅಭ್ಯುದಯ ಯೋಜನೆಯ ಅನುದಾನಕ್ಕೆ ಅರ್ಜಿ ಹೋಗುವುದು ಇ-ಅನುದಾನ್ ಪೋರ್ಟಲ್‌ನಲ್ಲಿ. ಸ್ವಯಂಸೇವಾ ಸಂಸ್ಥೆಗಳು ಹೆಸರು ನೋಂದಾಯಿಸುವ ಸರ್ಕಾರಿ ಪೋರ್ಟಲ್ ಎನ್‌ಜಿಒ ದರ್ಪಣ್‌ನ ಸಂಖ್ಯೆ ಮೊದಲೇ ಇರಬೇಕು. ಹಣ ಬಂದ ಮೇಲೆ ಹಣ ಬಳಕೆ ಪ್ರಮಾಣಪತ್ರ, ಕಚೇರಿಯವರು 'ಯುಸಿ' ಎನ್ನುವುದು, ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ ಕೊಡಬೇಕು. ಆರ್ಥಿಕ ವರ್ಷ ಮುಗಿದು 12 ತಿಂಗಳವರೆಗೆ ನಿಯಮದಲ್ಲಿ ಅವಕಾಶ ಇದೆ. ಆದರೆ ಯುಸಿ ಹೋಗದೆ ಮುಂದಿನ ಕಂತು ಬರುವುದು ಕಷ್ಟ. ಏಪ್ರಿಲ್‌ನಲ್ಲೇ ಆಡಿಟರ್ ಮುಂದೆ ಕೂತುಬಿಡಿ.

ಅನುದಾನದಲ್ಲಿ ತಂದ ಮಂಚ, ಗಾದಿ, ಫ್ರಿಜ್‌ಗಳಿಗೆ ದಾಸ್ತಾನು ರಿಜಿಸ್ಟರ್ ಇಡಿ. ಪ್ರತಿಯೊಂದರ ಮೇಲೂ ಬಣ್ಣದಲ್ಲಿ ನಂಬರ್ ಬರೆಸಿ. ಹಳೆಯದಾಯಿತು ಎಂದು ಅನುಮತಿ ಇಲ್ಲದೆ ಗುಜರಿಗೆ ಹಾಕುವಂತಿಲ್ಲ.

ಐದನೆಯದು: ಸೂಜಿ ಮತ್ತು ಮರೆವು

ಇನ್ಸುಲಿನ್ ಸೂಜಿ, ಹುಣ್ಣಿಗೆ ಕಟ್ಟಿದ ಬಟ್ಟೆ ಇವೆಲ್ಲ ಕಸದ ಗಾಡಿಗೆ ಹೋಗಬಾರದು. 2016ರ ಜೀವವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ, ಕೀವು ತಾಗಿದ್ದು ಹಳದಿ ಚೀಲಕ್ಕೆ, ಸೂಜಿ ಚುಚ್ಚದಂಥ ಬಿಳಿ ಡಬ್ಬಿಗೆ. ನಿಮ್ಮಲ್ಲಿ ಡ್ರೆಸಿಂಗ್, ಇಂಜೆಕ್ಷನ್ ನಡೆಯುತ್ತಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ಅನುಮತಿ ವಿಷಯ ಕೇಳಿ. ವಾರ್ಷಿಕ ವರದಿಗೆ ಕೊನೆಯ ದಿನ ಜೂನ್ 30.

ಮರೆವಿನ ರೋಗದವರನ್ನು ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ ನೋಂದಣಿಯ ಪ್ರಶ್ನೆ ಬರುತ್ತದೆ. ಆ ಕಾಯ್ದೆಯ ಮಾನಸಿಕ ಕಾಯಿಲೆಯ ವಿವರಣೆಯಲ್ಲಿ ನೆನಪಿನ ತೀವ್ರ ತೊಂದರೆಯೂ ಸೇರಿದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಹಿರಿಯರನ್ನು ತೋರಿಸಲು ಹೋದಾಗ ಈ ವಿಷಯವನ್ನೂ ಕೇಳಿಕೊಂಡು ಬನ್ನಿ. ಬಾಗಿಲಿಗೆ ಚಿಲಕ ಹಾಕಿ ಕೂಡಿಹಾಕುವುದು, ಕೈ ಕಟ್ಟುವುದು ಎಂದೂ ಬೇಡ.

ಕೊನೆಯದು: ಟಪಾಲು ಮತ್ತು ಷರಾ

ಯಾವ ವರದಿಯೇ ಇರಲಿ, ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಇನ್ನೊಂದರ ಮೇಲೆ ಮೊಹರು, ತಾರೀಖು ಹಾಕಿಸಿಕೊಂಡು ಬನ್ನಿ. "ಇಡ್ರೀ, ನೋಡ್ತೀವಿ" ಎಂದರೆ ಅದು ಸ್ವೀಕೃತಿ ಅಲ್ಲ. ಪೋರ್ಟಲ್‌ನಲ್ಲಿ ಹಾಕಿದ್ದರೆ ಸಲ್ಲಿಸಿದ ಸಂಖ್ಯೆ ಇರುವ ಪುಟ ಪ್ರಿಂಟ್ ತಗೊಂಡು ಅದೇ ಫೈಲಿಗೆ ಸೇರಿಸಿ.

ತಪಾಸಣೆಗೆ ಬಂದವರನ್ನು ಆಫೀಸಿನಲ್ಲಿ ಕೂಡಿಸಿ ಚಹಾ ಕೊಟ್ಟು ಕಳಿಸಬೇಡಿ. ಮಂಚದಿಂದ ಮಂಚಕ್ಕೆ ಕರೆದೊಯ್ಯಿರಿ. ಹಿರಿಯರ ಜೊತೆ ಅವರು ಮಾತಾಡುವಾಗ ನೀವು ದೂರ ನಿಲ್ಲಿ, ಅವರಿಗೂ ಹೇಳುವುದು ಏನಾದರೂ ಇರಬಹುದು. ಅಧಿಕಾರಿ ಹೊರಡುವ ಮುಂಚೆ ಸಂದರ್ಶನ ಪುಸ್ತಕದಲ್ಲಿ ಷರಾ ಬರೆಸಿಕೊಳ್ಳಿ. ಬಚ್ಚಲಿಗೆ ಹಿಡಿಕೆ ಹಾಕಿಸಿ ಎಂದು ಬರೆದಿದ್ದರೆ, ಹಾಕಿಸಿದ ದಿನ ಅದರ ಕೆಳಗೇ ಬರೆದು, ಬಡಗಿಯ ಬಿಲ್ ಅಂಟಿಸಿ, ಒಂದು ಪ್ರತಿ ಕಚೇರಿಗೆ ಕಳಿಸಿ.