ದನಿ ಆಮೇಲೆ, ಮೊದಲು ಫೋಟೋ

ಪುಸ್ತಕವನ್ನು ಫೋನಿನಿಂದ ಓದಿಸಿಕೊಳ್ಳುತ್ತೇನೆ ಅಂದ ತಕ್ಷಣ ಎಲ್ಲರೂ ಕೇಳುವುದು, ಯಾವ ದನಿ ಚೆನ್ನಾಗಿದೆ ಅಂತ. ದನಿಯದ್ದು ಆಮೇಲಿನ ಮಾತು. ದೃಷ್ಟಿ ಹೋದ ಮೇಲೆ ಅಚ್ಚಾದ ಕನ್ನಡವನ್ನು ನಾನು ಓದುವುದು ಹೀಗೇ, ಪುಟದ ಫೋಟೋ ತೆಗೆದು, ಅದರಿಂದ ಅಕ್ಷರ ಬಿಡಿಸಿ, ದನಿಯಲ್ಲಿ ಕೇಳಿಸಿಕೊಂಡು. ಇದರಲ್ಲಿ ಮುಕ್ಕಾಲು ಕೆಲಸ ಫೋಟೋ ತೆಗೆಯುವಾಗಲೇ ಆಗಿಹೋಗಿರುತ್ತದೆ, ಇಲ್ಲಾ ಕೆಟ್ಟುಹೋಗಿರುತ್ತದೆ.

ಕಾಣದೆ ಫೋಟೋ ಹೇಗೆ ತೆಗೀತೀರಿ ಅಂತ ಕೇಳುವವರಿದ್ದಾರೆ. ಹಾಳೆಯನ್ನು ಮೇಜಿನ ಅಂಚಿಗೆ ಸರಿಯಾಗಿ ಕೂರಿಸುತ್ತೇನೆ. ಅದರ ನಟ್ಟನಡುವೆ ಫೋನ್ ಮಲಗಿಸುತ್ತೇನೆ. ಎರಡೂ ಮೊಣಕೈಯನ್ನು ಹಾಳೆಯ ಅಕ್ಕಪಕ್ಕ ಊರಿ, ಎರಡೂ ಕೈಯಲ್ಲಿ ಫೋನ್ ಹಿಡಿದು, ಎತ್ತ ಕಡೆಗೂ ವಾಲದ ಹಾಗೆ ನೆಟ್ಟಗೆ ಮೇಲೆತ್ತುತ್ತೇನೆ. ಮುಂಗೈ ನೇರ ನಿಂತಿತು ಅಂದರೆ ಎತ್ತರ ಹೆಚ್ಚುಕಮ್ಮಿ ಸರಿಯಾಯಿತು. ಹಾಳೆಯ ಕೆಳಗೆ ಕಪ್ಪು ಬಟ್ಟೆ ಹಾಸಿರುತ್ತೇನೆ, ಬಿಳಿ ಅಂಚು ಫೋಟೋ ತೆಗೆಯುವ ಆ್ಯಪಿಗೆ ಬೇಗ ಸಿಗುತ್ತದೆ. ನುಣುಪು ಕಾಗದವಾದರೆ ಫ್ಲ್ಯಾಶ್ ಬೇಡವೇ ಬೇಡ, ಹೊಳಪು ಬಿದ್ದ ಜಾಗದಲ್ಲಿ ಅಕ್ಷರವೇ ಇರುವುದಿಲ್ಲ.

ಎ4 ಹಾಳೆಯನ್ನು 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯ ಹಾಗೆ, ಹಿಡಿಯಬೇಕಾದರೆ ಸುಮಾರು 87 ಲಕ್ಷ ಪಿಕ್ಸೆಲ್ ಬೇಕು. 12 ಮೆಗಾಪಿಕ್ಸೆಲ್ ಕ್ಯಾಮೆರಾ ಧಾರಾಳ ಸಾಕು, ಹಾಳೆ ಚೌಕಟ್ಟು ತುಂಬಿದ್ದರೆ. ದೂರದಿಂದ ತೆಗೆದರೆ ಮೊದಲು ಏಟು ಬೀಳುವುದು ಒತ್ತಕ್ಷರಕ್ಕೆ. ಕೆಳಗಿನ ಸಾಲಿನ ಗುಣಿತಕ್ಕೆ ಅದು ಅಂಟಿಕೊಂಡರಂತೂ ಮುಗಿಯಿತು. ಪುಸ್ತಕವಾದರೆ ಸಲಕ್ಕೆ ಒಂದೇ ಪುಟ. ಎರಡು ಪುಟ ಒಟ್ಟಿಗೆ ಹಿಡಿದರೆ ಎಡಗಡೆಯ ಪುಟ ಮುಗಿಯುವ ಮುಂಚೆಯೇ ಬಲಗಡೆಯ ಸಾಲು ಶುರುವಾಗಿಬಿಡುತ್ತದೆ, ಕೇಳೋದಕ್ಕೆ ಇಬ್ಬರು ಒಟ್ಟಿಗೆ ಮಾತಾಡಿದ ಹಾಗೆ!

1976ರಲ್ಲಿ ಅಮೆರಿಕದ ಸಂಶೋಧಕ ರೇ ಕರ್ಜ್‌ವೈಲ್ ಕಾಣದವರಿಗಾಗಿ ಅಚ್ಚಾದ ಪುಟ ಓದುವ ಯಂತ್ರ ತಂದಾಗ ಈ ಕಷ್ಟಗಳೆಲ್ಲ ಇರಲಿಲ್ಲ. ದೊಡ್ಡ ಪೆಟ್ಟಿಗೆ, ಸರಿ, ಆದರೆ ಗಾಜಿನ ಮೇಲೆ ಪುಟ ಬೋರಲು ಹಾಕಿದರೆ ಸಾಕಿತ್ತು. ಹಾಳೆಯೂ ಚಪ್ಪಟೆ, ಬೆಳಕೂ ಒಂದೇ ಸಮ. ಇಡೀ ಪುಸ್ತಕ ಮಾಡುವಾಗ ನಾನು ಇವತ್ತಿಗೂ ಫೋನ್ ಬಿಟ್ಟು ಸ್ಕ್ಯಾನರ್ ಹಿಡಿಯುವುದು ಅದಕ್ಕೇ.

ಚಿತ್ರದಿಂದ ಅಕ್ಷರ ಬಿಡಿಸೋದಕ್ಕೆ (ಇದಕ್ಕೇ ಓಸಿಆರ್ ಅನ್ನುವುದು) ಟೆಸರಾಕ್ಟ್ ಎಂಬ ತಂತ್ರಾಂಶ ಬಳಸುತ್ತೇನೆ. ಪುಕ್ಕಟೆ, ಇಂಟರ್ನೆಟ್ ಬೇಡ, ಕನ್ನಡ ಇಂಗ್ಲಿಷ್ ಎರಡನ್ನೂ ಒಟ್ಟಿಗೆ ಕೊಡಬಹುದು. ಅವಸರವಿದ್ದರೆ ಫೋಟೋವನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಆಗುತ್ತದೆ. ಯಾವುದರಲ್ಲೇ ಮಾಡಿ, ತಪ್ಪುಗಳ ಜಾತಿ ಮಾತ್ರ ಒಂದೇ. ಅನುಸ್ವಾರ ಸೊನ್ನೆಯಾಗುತ್ತದೆ, ‘ಅಂಗಡಿ’ ಬಂದಾಗ ದನಿ ‘ಅ ಸೊನ್ನೆ ಗಡಿ’ ಅನ್ನುತ್ತದೆ. ಅರ್ಕಾವತ್ತು ಒಂಬತ್ತಾಗುತ್ತದೆ. ‘ಕಾರ್ಯ’ ಎಂಬುದು ‘ಕಾಯ ಒಂಬತ್ತು’ ಆದಾಗ ಮೊದಮೊದಲು ನಗು ಬರುತ್ತೆ, ಮೂರನೇ ಪುಟಕ್ಕೆ ತಲೆನೋವು. ಅಕ್ಷರ ಆದ ತಕ್ಷಣ ಸೊನ್ನೆ ಬಂದರೆ ಅದನ್ನು ಅನುಸ್ವಾರ ಮಾಡು ಅಂತ ಒಂದು ಹುಡುಕು-ಬದಲಿಸು ನಿಯಮ ಬರೆದಿಟ್ಟುಕೊಂಡಿದ್ದೇನೆ, ಇಸವಿಗಳಿಗೆ ಅದರಿಂದ ತೊಂದರೆ ಇಲ್ಲ. ಅರ್ಕಾವತ್ತಿಗೆ ಇಷ್ಟು ಸುಲಭವಿಲ್ಲ, ಒಂಬತ್ತನ್ನು ತೆಗೆದು ಹಿಂದಿನ ಅಕ್ಷರಕ್ಕೂ ಮುಂಚೆ ‘ರ್’ ಸೇರಿಸಬೇಕು. ಪುಟದ ತಲೆಯಲ್ಲಿರುವ ಪುಸ್ತಕದ ಹೆಸರು, ಕೆಳಗಿನ ಪುಟಸಂಖ್ಯೆ ಎರಡನ್ನೂ ಮೊದಲೇ ಕಿತ್ತುಹಾಕಿ, ಇಲ್ಲದಿದ್ದರೆ ವಾಕ್ಯದ ಮಧ್ಯದಲ್ಲಿ ‘ನೂರಾ ಹದಿನಾಲ್ಕು’ ಅಂತ ಬಂದು ಕೂರುತ್ತದೆ.

ಹಳೆಯ ಕನ್ನಡ ಪಿಡಿಎಫ್‌ಗಳದ್ದು ಇನ್ನೊಂದು ಕಥೆ. ಕಣ್ಣಿಗೆ ಚೆಂದದ ಕನ್ನಡ, ಒಳಗೆ ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರಿಗೂ ತಿಳಿಯುವ ಅಕ್ಷರ ಸಂಕೇತ, ಇಲ್ಲ. ಓದಿಸಿದರೆ ಇಂಗ್ಲಿಷ್ ಅಕ್ಷರಗಳ ಗೊಂದಲ. ಫಾಂಟ್ ಬದಲಿಸುವ ತಂತ್ರಾಂಶಗಳೂ ಇವೆ, ಆದರೆ ಯಾವ ಫಾಂಟ್ ಅಂತ ಪತ್ತೆ ಮಾಡೋ ಗೋಜೇ ನನಗೆ ಬೇಡ. ಪುಟವನ್ನು ಚಿತ್ರ ಮಾಡಿಕೊಂಡು ಮತ್ತೆ ಓಸಿಆರ್ ಮಾಡುತ್ತೇನೆ.

ಈಗ ದನಿ. ಕಂಪ್ಯೂಟರಿನಲ್ಲಿ ಪರದೆ ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ, ಅದರೊಳಗೆ ಇಸ್ಪೀಕ್ ಎಂಬ ದನಿ. ಕನ್ನಡ ಹೇಳುತ್ತದೆ, ಡಬ್ಬದೊಳಗಿನ ದನಿ ಅನ್ನುವುದೂ ನಿಜ. ಆದರೆ ವೇಗ ಎಷ್ಟು ಏರಿಸಿದರೂ ಅಕ್ಷರ ನುಂಗುವುದಿಲ್ಲ, ಕೀ ಒತ್ತಿದ ಕ್ಷಣ ಮಾತಾಡುತ್ತದೆ. ತಿದ್ದುವ ಕೆಲಸಕ್ಕೆ ನನಗೆ ಅದೇ ಬೇಕು. ಕಥೆ, ಕಾದಂಬರಿ ಕೇಳುವಾಗ ಮಾತ್ರ ಫೋನಿನ ಮೆತ್ತನೆಯ ದನಿಗೆ ಹೋಗುತ್ತೇನೆ. ಪದ್ಯಕ್ಕೆ ಯಾವುದೂ ಸರಿಹೋಗಿಲ್ಲ, ಸಾಲು ಎಲ್ಲಿ ಮುರಿಯುತ್ತದೆ ಅನ್ನೋದು ಅದಕ್ಕೆ ತಿಳಿಯುವುದೇ ಇಲ್ಲ.

ಔಷಧಿ ಚೀಟಿ ಓದಿಸುವಾಗ ಮಾತ್ರ ಹುಷಾರು. ಮಧ್ಯದ ಚುಕ್ಕಿ ಬಿಟ್ಟುಹೋದರೆ 2.5 ಎಂಬುದು 25 ಆಗುತ್ತದೆ, ದನಿ ಅದನ್ನೂ ಅಷ್ಟೇ ಧೈರ್ಯವಾಗಿ ಹೇಳುತ್ತದೆ. ಸಂಖ್ಯೆ ಇರುವ ಜಾಗವನ್ನು ಹತ್ತಿರದಿಂದ ಇನ್ನೊಮ್ಮೆ ತೆಗೆದು, ಅಕ್ಷರ ಅಕ್ಷರವಾಗಿ ಕೇಳುತ್ತೇನೆ. ಎರಡು ಸಲದ ಉತ್ತರ ಬೇರೆ ಬೇರೆ ಬಂದರೆ ಕಣ್ಣಿರುವವರ ಕೈಗೇ ಚೀಟಿ ಕೊಡುತ್ತೇನೆ.