ಕುದುರೆ ಮೈದಾನಕ್ಕೆ ಕರೆಂಟು ಬೇಲಿ ಹಾಕುವುದು ಹೇಗೆ?

ಐನೂರು ಕಿಲೋ ತೂಗುವ ಕುದುರೆಯನ್ನು ಎರಡು ಬೆರಳು ಅಗಲದ ಪಟ್ಟಿ ತಡೆಯುತ್ತದೆ ಅಂದರೆ ನಂಬುವುದು ಕಷ್ಟ. ಅಸಲಿಗೆ ತಡೆಯುವುದೂ ಇಲ್ಲ. ಮನಸ್ಸು ಮಾಡಿದರೆ ಕುದುರೆ ಅದನ್ನು ಕಿತ್ತುಕೊಂಡು ಆಚೆ ಹೋಗಬಹುದು. ಒಮ್ಮೆ ಮೂಗಿಗೆ ಬಿದ್ದ ಶಾಕ್ ನೆನಪಿರುವುದರಿಂದ ಹತ್ತಿರ ಸುಳಿಯುವುದಿಲ್ಲ, ಅಷ್ಟೇ. ಆದರೆ ಬೆದರಿ ಓಡುವ ಕುದುರೆಗೆ ಆ ನೆನಪು ಇರುವುದಿಲ್ಲ. ಅದಕ್ಕೇ ರಸ್ತೆ, ರೈಲು ಹಳಿ ಇರುವ ಮಗ್ಗುಲಿಗೆ ಇದೊಂದನ್ನೇ ನಂಬಬೇಡಿ. ಅಲ್ಲಿ ಮರದ ಗಟ್ಟಿ ಬೇಲಿ ಹಾಕಿ, ಅದರ ಒಳಬದಿಗೆ ಕರೆಂಟಿನ ಒಂದು ಎಳೆ ಓಡಿಸಿ.

ಮೊದಲು ಮಷೀನು

ಬೇಲಿಗೆ ಕರೆಂಟು ಕೊಡುವ ಪೆಟ್ಟಿಗೆಯ ಹೆಸರು ಎನರ್ಜೈಸರ್. ಮನೆಯ ಕರೆಂಟು, 12 ವೋಲ್ಟ್ ಬ್ಯಾಟರಿ, ಸೋಲಾರ್, ಹೀಗೆ ಬೇರೆ ಬೇರೆ ಥರದ್ದು ಸಿಗುತ್ತವೆ. ಇದು ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟಿನ ಒಂದು ಹೊಡೆತ ಕಳಿಸುತ್ತದೆ. ಆ ಹೊಡೆತ ಇರುವುದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತು. ನೋವಾಗುತ್ತದೆ, ನಡುವಿನ ಬಿಡುವಿನಲ್ಲಿ ಪ್ರಾಣಿ ಹಿಂದೆ ಸರಿಯುತ್ತದೆ. ಮನೆಯ ಲೈನಿನಿಂದ ನೇರವಾಗಿ ಬೇಲಿಗೆ ತಂತಿ ಎಳೆದರೆ ಆ ಬಿಡುವೇ ಇರುವುದಿಲ್ಲ. ಕುದುರೆಯೂ ಸಾಯುತ್ತದೆ, ಮುಟ್ಟಿದ ಮನುಷ್ಯರೂ ಸಾಯುತ್ತಾರೆ. ಆ ಯೋಚನೆಯೇ ಬೇಡ. ಒಂದೇ ಬೇಲಿಗೆ ಎರಡು ಎನರ್ಜೈಸರ್ ಜೋಡಿಸುವುದೂ ಅಪಾಯ.

ಎಲ್ಲರೂ ಕಡೆಗಣಿಸುವ ಅರ್ತಿಂಗ್

ಬೇಲಿ ಕೆಲಸ ಮಾಡದಿದ್ದರೆ ಜನ ಇನ್ನೂ ದೊಡ್ಡ ಮಷೀನು ತರುತ್ತಾರೆ. ಹೆಚ್ಚಿನ ಸಲ ತಪ್ಪು ಇರುವುದು ನೆಲದಲ್ಲಿ. ಹೊಡೆತ ಪಟ್ಟಿಯಿಂದ ಕುದುರೆಯ ಮೈಗೆ, ಗೊರಸಿನಿಂದ ಮಣ್ಣಿಗೆ, ಮಣ್ಣಿನಿಂದ ಅರ್ತ್ ಸರಳಿನ ಮೂಲಕ ಮಷೀನಿಗೆ ವಾಪಸ್ ಬರಬೇಕು. ಈ ಸುತ್ತು ಎಲ್ಲಾದರೂ ಕಡಿದರೆ ಶಾಕ್ ಇಲ್ಲ.

ಸತು ಲೇಪಿಸಿದ ಕಬ್ಬಿಣದ ಸರಳು ಕನಿಷ್ಠ ಮೂರು ಬೇಕು. ಒಂದೊಂದನ್ನೂ ಸುಮಾರು 2 ಮೀಟರ್ ಆಳಕ್ಕೆ ಹೊಡೆಯಿರಿ, ನಡುವೆ 3 ಮೀಟರ್ ಅಂತರ ಬಿಡಿ. ತೇವ ನಿಲ್ಲುವ ಜಾಗ ಸಿಕ್ಕರೆ ಒಳ್ಳೆಯದು. ಮನೆಯ ಅರ್ತಿಂಗಿನಿಂದ ಕಡಿಮೆಯೆಂದರೂ 10 ಮೀಟರ್ ದೂರ ಇರಲಿ. ಒಣ ಮರಳು ನೆಲವಾದರೆ ಸರಳು ಜಾಸ್ತಿ ಮಾಡಿದರೂ ಸಾಲದೇ ಹೋಗಬಹುದು. ಆಗ ಬೇಲಿಯ ಒಂದು ಎಳೆಗೆ ಕರೆಂಟು ಕೊಡದೆ ಅದನ್ನು ಅರ್ತಿಗೆ ಜೋಡಿಸಬೇಕಾಗುತ್ತದೆ.

ಪರೀಕ್ಷೆ ಮಾಡುವುದು ಹೀಗೆ. ಮಷೀನು ಆಫ್ ಮಾಡಿ, 100 ಮೀಟರ್ ಆಚೆ ಬೇಲಿಗೆ ಕಬ್ಬಿಣದ ಸಲಾಕೆಗಳನ್ನು ಒರಗಿಸಿ ನೆಲಕ್ಕೆ ಊರಿ. ಮತ್ತೆ ಚಾಲೂ ಮಾಡಿದಾಗ ಬೇಲಿಯ ವೋಲ್ಟೇಜು 2,000ಕ್ಕಿಂತ ಕೆಳಗೆ ಇಳಿಯಬೇಕು. ಈಗ ಬೇಲಿ ಮೀಟರಿನಿಂದ ಕೊನೆಯ ಅರ್ತ್ ಸರಳನ್ನು ಅಳೆಯಿರಿ. ಮೀಟರಿನ ಇನ್ನೊಂದು ತುದಿ ಒಂದು ಮೀಟರ್ ದೂರದ ಮಣ್ಣಿನಲ್ಲಿರಲಿ. 300 ವೋಲ್ಟ್ ದಾಟಿದರೆ ಇನ್ನೊಂದು ಸರಳು ಹೊಡೆಯಿರಿ.

ಪಟ್ಟಿ, ಕಂಬ, ಎತ್ತರ

ಸಣ್ಣ ಉಕ್ಕಿನ ತಂತಿ ದನಕ್ಕೆ ಸಾಕಾಗಬಹುದು, ಕುದುರೆಗೆ ಬೇಡ. ಓಡುವ ಕುದುರೆಗೆ ಅದು ಕಾಣುವುದೇ ಇಲ್ಲ, ಕಾಲಿಗೆ ಸಿಕ್ಕಿದರೆ ಮಾಂಸ ಕೊಯ್ಯುತ್ತದೆ. ಮುಳ್ಳುತಂತಿಗಂತೂ ಯಾವತ್ತೂ ಕರೆಂಟು ಕೊಡಬಾರದು. ಸಿಕ್ಕಿಕೊಂಡವರು ಬಿಡಿಸಿಕೊಳ್ಳಲಾಗದೆ ಹೊಡೆತದ ಮೇಲೆ ಹೊಡೆತ ತಿನ್ನುತ್ತಾರೆ. ಲೋಹದ ಎಳೆ ನೇಯ್ದ 40 ಮಿ.ಮೀ. ಅಗಲದ ಬಿಳಿ ಪಟ್ಟಿ ದೂರದಿಂದಲೇ ಕಾಣುತ್ತದೆ. ಗಾಳಿ ಜಾಸ್ತಿ ಇರುವ ಕಡೆ ಪಟ್ಟಿ ಪಟಪಟ ಬಡಿದು ಒಳಗಿನ ಎಳೆ ತುಂಡಾಗುತ್ತದೆ. ಅಂಥಲ್ಲಿ ಕರೆಂಟಿನ ಹಗ್ಗವೇ ವಾಸಿ. ಪಟ್ಟಿಯೇ ಬೇಕೆಂದರೆ ಕಂಬದಿಂದ ಕಂಬಕ್ಕೆ ಒಂದು ತಿರುವು ಕೊಟ್ಟು ಬಿಗಿಯಿರಿ, ಬಡಿತ ಕಡಿಮೆಯಾಗುತ್ತದೆ.

ಮೇಲಿನ ಎಳೆ ಕುದುರೆಯ ಎತ್ತರ ನೋಡಿ 1.2ರಿಂದ 1.5 ಮೀಟರ್‌ನಲ್ಲಿರಲಿ. ಕೆಳಗೆ ಇನ್ನೊಂದೆರಡು ಎಳೆ. ತೀರಾ ನೆಲಮಟ್ಟದಲ್ಲಿ ಹಾಕಿದರೆ ಹುಲ್ಲು ತಾಗಿ ಕರೆಂಟು ಸೋರುತ್ತದೆ, ಕಾಲೂ ಸಿಕ್ಕಿಕೊಳ್ಳುತ್ತದೆ. ಪಟ್ಟಿಗೆ 3–4 ಮೀಟರಿಗೊಂದು ಕಂಬ ಬೇಕು. ಪ್ರತಿ ಕಂಬಕ್ಕೂ ಇನ್ಸುಲೇಟರ್ (ಕರೆಂಟು ಕಂಬಕ್ಕೆ ಹರಿಯದಂತೆ ತಡೆಯುವ ಹಿಡಿಕೆ) ಬೇಕೇ ಬೇಕು, ಕಂಬ ಮರದ್ದಾದರೂ ಸರಿ. ತುಂಡುಗಳನ್ನು ಸುಮ್ನೆ ಗಂಟು ಹಾಕಬೇಡಿ, ಲೋಹದ ಕ್ಲಿಪ್ ಬಳಸಿ.

ಮೂಲೆಗಳು ಚೂಪಾಗಿರದೆ ದುಂಡಗಿರಲಿ. ಜೋರಿನ ಕುದುರೆ ಸಾಧು ಕುದುರೆಯನ್ನು ಮೂಲೆಗೆ ಒತ್ತಿದಾಗ ಪಾಪದ್ದು ಬೇಲಿಯ ಮೇಲೇ ಬೀಳುತ್ತದೆ, ಅಲ್ವಾ? ಗೇಟಿನ ಕೆಳಗೆ ಕರೆಂಟು ದಾಟಿಸಲು ಬೇಲಿಗೆಂದೇ ಮಾಡಿದ ದಪ್ಪ ಹೊದಿಕೆಯ ಕೇಬಲ್ ಹೂಳಿ. ಮನೆ ವೈರಿಂಗಿನ ತಂತಿ ಇಷ್ಟು ವೋಲ್ಟೇಜು ತಡೆಯುವುದಿಲ್ಲ. ಜನ ಓಡಾಡುವ ಕಡೆ ಎಚ್ಚರಿಕೆ ಫಲಕ ತೂಗುಹಾಕಿ.

ಕುದುರೆಗೆ ಪಾಠ

ಬೇಲಿಯ ಪಾಠ ಕಲಿಸದೆ ಕುದುರೆಯನ್ನು ನೇರ ಹೊಸ ಮೈದಾನಕ್ಕೆ ಬಿಡಬೇಡಿ. ಗಟ್ಟಿ ಬೇಲಿಯಿರುವ ಸಣ್ಣ ಆವರಣದ ಒಳಬದಿಗೆ ಒಂದು ಎಳೆ ಕಟ್ಟಿ, ಬೆಳಗಿನ ಹೊತ್ತಿನಲ್ಲಿ ಬಿಡಿ. ಮೂಗಿನಿಂದ ಮೂಸಿ ತಾನೇ ಕಲಿಯಲಿ. ಹಗ್ಗ ಹಿಡಿದು ಬೇಲಿಯ ಹತ್ತಿರ ಕರೆದೊಯ್ಯಬೇಡಿ. ಶಾಕ್ ಹೊಡೆದರೆ ಅದು ನಿಮ್ಮ ಮೇಲೆ ಅನುಮಾನ ಪಡುತ್ತದೆ. ಒಣ ಮೂಗಿಗಿಂತ ಒದ್ದೆ ಮೂಗಿಗೆ ಶಾಕ್ ಚೆನ್ನಾಗಿ ತಟ್ಟುತ್ತದೆ. ದಟ್ಟ ಕೂದಲಿದ್ದರೆ, ಮೈಮೇಲೆ ಹೊದಿಕೆ ಹಾಕಿದ್ದರೆ ಅಷ್ಟಾಗಿ ತಟ್ಟುವುದಿಲ್ಲ. ಅದನ್ನು ಕಂಡುಕೊಂಡ ಕುದುರೆ ಎದೆಕೊಟ್ಟು ನೂಕಿಯೇ ನೂಕುತ್ತದೆ.

ಒಳಗೆ ಮೇವು ಮುಗಿದು ಆಚೆ ಹಸಿರು ಕಂಡರೆ ಯಾವ ಬೇಲಿಯೂ ಸಾಲದು. ಹುಲ್ಲು, ನೀರನ್ನು ಬೇಲಿಯಿಂದ ದೂರ ನಡುವಿನಲ್ಲಿಡಿ.

ದಿನದ ಕೆಲಸ

ದಿನಾ ಒಮ್ಮೆ ಬೇಲಿಯ ದೂರದ ತುದಿಯಲ್ಲಿ ಮೀಟರ್ ಹಿಡಿಯಿರಿ. ಕುದುರೆಗೆ 3,000 ವೋಲ್ಟ್ ಆಸುಪಾಸು ಇದ್ದರೆ ನಿಶ್ಚಿಂತೆ. ಇಳಿದಿದ್ದರೆ ಹುಲ್ಲು, ಬಿದ್ದ ಕೊಂಬೆ, ಒಡೆದ ಇನ್ಸುಲೇಟರ್ ಹುಡುಕಿ. ಟಿಕ್ ಟಿಕ್ ಸದ್ದು ಬರುವ ಕಡೆ ಕಿವಿಗೊಡಿ. ಕತ್ತಲಲ್ಲಿ ಅಲ್ಲೇ ಕಿಡಿಯೂ ಕಾಣುತ್ತದೆ. ಗುಡುಗು ಮಳೆ ಬರುವ ಮುಂಚೆಯೇ ಮಷೀನನ್ನು ಬೇಲಿಯಿಂದಲೂ ಪ್ಲಗ್ಗಿನಿಂದಲೂ ಬಿಡಿಸಿಡಿ, ಇಲ್ಲದಿದ್ದರೆ ಸಿಡಿಲಿಗೆ ಸುಟ್ಟುಹೋಗಬಹುದು. ಕರೆಂಟು ಇಲ್ಲದ ಬೇಲಿಯನ್ನು ಕುದುರೆ ಬೇಗ ಪತ್ತೆಹಚ್ಚುತ್ತದೆ. ಅಷ್ಟು ಹೊತ್ತು ಅದನ್ನು ಲಾಯಕ್ಕೆ ಕಟ್ಟಿ. ಜಾಗ ಬದಲಿಸಿದಾಗ ಹಳೆಯ ಪಟ್ಟಿಯನ್ನು ಅವತ್ತೇ ಸುತ್ತಿ ಎತ್ತಿಡಿ. ನೆಲದಲ್ಲಿ ಬಿದ್ದ ಸಡಿಲ ಪಟ್ಟಿ ಕುದುರೆಯ ಕಾಲಿಗೆ ಉರುಳಾಗುತ್ತದೆ.